ಹೊಸ ಪುಡಿ, ಹೊಸ ಕ್ಯಾಪ್ಸೂಲ್, ಕಾಡಿನ ಸೊಪ್ಪು: ಹೊಟ್ಟೆಗೆ ಹಾಕುವ ಮುಂಚೆ

ಕೊಡಗಿನಲ್ಲಿ ಪಂದಿ ಕರಿಗೆ ಹಾಕುವ ಕಾಚಂಪುಳಿ ಗೊತ್ತಲ್ವಾ? ಕಪ್ಪು ಬಣ್ಣ, ಗಟ್ಟಿ ರಸ, ನಾಲಿಗೆಗೆ ಒಂದು ಹನಿ ತಾಗಿದರೂ ಮುಖ ಕಿವುಚುವಷ್ಟು ಹುಳಿ. ಮಲೆನಾಡಿನ ಕಡೆ ಉಪ್ಪಾಗೆ ಎನ್ನುವ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದರೆ ಅದು ಸಿಗುತ್ತದೆ. ಇದೇ ಹಣ್ಣು ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಗಿ ಆನ್‌ಲೈನ್‌ನಲ್ಲಿ ಮಾರಾಟವಾಗುತ್ತದೆ.

ಕರಿಗಾದರೆ ಇಡೀ ಪಾತ್ರೆಗೆ ಒಂದೆರಡು ಚಮಚ ಸಾಕು. ಅದೂ ಹಬ್ಬ, ಮದುವೆ, ನೆಂಟರು ಬಂದ ದಿನ. ಕ್ಯಾಪ್ಸೂಲ್‌ನಲ್ಲಿ ಹಾಗಲ್ಲ. ಹಣ್ಣಿನೊಳಗಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಬೇರೆ ತೆಗೆದು ತುಂಬಿರುತ್ತಾರೆ. ದಿನಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ನುಂಗಬೇಕು ಎನ್ನುತ್ತಾರೆ. ಇದನ್ನು ತೆಗೆದುಕೊಂಡ ಕೆಲವರಿಗೆ ಲಿವರ್ ಕೆಟ್ಟಿರುವ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಕೆಲವರಿಗಂತೂ ಲಿವರ್ ಕಸಿಯೇ ಮಾಡಬೇಕಾಯಿತು. ತೂಕ ಇಳಿಯುವ ಲಾಭವೋ, ತೀರಾ ಅಲ್ಪ.

ಹಣ್ಣು ಅದೇ. ಬದಲಾಗಿದ್ದು ಪ್ರಮಾಣ, ತಯಾರಿಸುವ ರೀತಿ, ಎಷ್ಟು ದಿನ ತಿನ್ನುತ್ತೇವೆ ಎಂಬ ಲೆಕ್ಕ. ಹೊಸ ಆರೋಗ್ಯ ಆಹಾರ ಯಾವುದೇ ಇರಲಿ, ಈ ಮೂರು ವಿಷಯ ಗೊತ್ತಾಗದೆ ಬಾಯಿಗೆ ಹಾಕಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ನಮ್ಮ ಹಿರಿಯರು ಸೊಪ್ಪು, ಗೆಡ್ಡೆ, ಕಾಯಿಗಳ ಜೊತೆಗೇ ಈ ಮೂರನ್ನೂ ಹೇಳಿಕೊಟ್ಟಿದ್ದರು. ಡಬ್ಬಿಯಲ್ಲಿ ಬರುವ ಪುಡಿಗೆ ಅಂಥ ಅಜ್ಜಿ ಇಲ್ಲ. ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ಹೇಗೆ ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಯಾಕೆ ಬೇಕು ಎಂದು ಒಂದು ಸಾಲು ಬರೆಯಿರಿ

ಕಾಗದ ತೆಗೆದುಕೊಂಡು ಬರೆಯಿರಿ. ‘ಸುಸ್ತು’, ‘ಕೂದಲು ಉದುರುತ್ತಿದೆ’, ‘ಮಂಡಿ ನೋವು’, ‘ರುಚಿ ನೋಡಬೇಕು ಅಷ್ಟೇ’. ಕೊನೆಯದೂ ಒಳ್ಳೆಯ ಕಾರಣವೇ. ಆದರೆ ಮೊದಲಿನ ಮೂರರಲ್ಲಿ ಯಾವುದಾದರೂ ಇದ್ದರೆ ಪುಡಿ ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್, ಸಕ್ಕರೆ. ಸುಸ್ತಿಗೆ ಇವುಗಳಲ್ಲಿ ಯಾವುದು ಕಾರಣ ಎಂದು ತಿಳಿದರೆ ಬೇಕಾದ ಒಂದೇ ಮಾತ್ರೆ ಸಾಕಾಗುತ್ತದೆ. ತಿಳಿಯದಿದ್ದರೆ ಎಂಟು ಡಬ್ಬಿ ಕೊಂಡರೂ ಸುಸ್ತು ಹೋಗುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಸಸ್ಯಾಹಾರಿಗಳಿಗೆ ಬಿ12 ಸಿಗಲಿ ಎಂದು ಸ್ಪಿರುಲಿನಾ ಎಂಬ ಪಾಚಿಯ ಮಾತ್ರೆ ಕೊಡುವವರು ತುಂಬಾ ಜನ ಇದ್ದಾರೆ. ಸ್ಪಿರುಲಿನಾದಲ್ಲಿ ಪ್ರೋಟೀನ್ ಇದೆ, ನಿಜ. ಆದರೆ ಅದರಲ್ಲಿರುವ ಬಿ12ರಲ್ಲಿ ಹೆಚ್ಚಿನ ಪಾಲು ನಮ್ಮ ಮೈಗೆ ಬಳಕೆಯಾಗದ ರೂಪದ್ದು. ಕೊರತೆ ಇರುವವರು ಇದನ್ನೇ ನಂಬಿ ವರ್ಷ ಕಳೆದರೆ ಕೈಕಾಲು ಜೋಮು ಹಿಡಿಯುವ ಹಂತಕ್ಕೆ ಹೋಗಬಹುದು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ, ಇಲ್ಲವೇ ವೈದ್ಯರು ಬರೆದುಕೊಟ್ಟ ಬಿ12 ಮಾತ್ರೆ. ದಾರಿ ಇಷ್ಟೇ.

ವಿಟಮಿನ್ ಡಿ ಬಗ್ಗೆಯೂ ಇಲ್ಲಿ ಹೇಳಲೇಬೇಕು. ಮಡಿಕೇರಿಯ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಕೊರತೆ ಇದೆ ಎಂದು ಗೊತ್ತಾದವರಿಗೆ 60,000 ಯೂನಿಟ್‌ನ ಮಾತ್ರೆ ಅಥವಾ ಸ್ಯಾಶೆ ಕೊಡುತ್ತಾರೆ. ಅದನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ, ಕೆಲವು ವಾರ ಮಾತ್ರ ತೆಗೆದುಕೊಳ್ಳಬೇಕು. ತಪ್ಪಿ ದಿನಕ್ಕೊಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆಯಾಗುತ್ತದೆ. ಕ್ಯಾಲೆಂಡರ್‌ನಲ್ಲಿ ಭಾನುವಾರಕ್ಕೆ ಒಂದು ಗುರುತು ಹಾಕಿಕೊಳ್ಳಿ.

ಪ್ರೋಟೀನ್ ಪುಡಿಯ ವಿಷಯ ಸಣ್ಣದು. ದೊಡ್ಡವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿದೆ. 60 ಕೆಜಿ ತೂಗುವವರಿಗೆ 50 ಗ್ರಾಂ. ಬೇಳೆ, ಕಾಳು, ಮೊಟ್ಟೆ, ಮೊಸರು, ಮೀನಿನಲ್ಲಿ ಇದು ಸಿಗುತ್ತದೆ. ದೇಹ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದು ಅದೇ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ.

ಎರಡನೇ ಹೆಜ್ಜೆ: ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ

ಮನೆಯ ಔಷಧಿ ಡಬ್ಬಿ ತೆರೆದು ಎಲ್ಲ ಹೆಸರನ್ನೂ ಬರೆದುಕೊಳ್ಳಿ. ಬಿಪಿ, ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್, ರಕ್ತ ತೆಳುವಾಗಿಸುವ ಮಾತ್ರೆ, ಆಯುರ್ವೇದದ ಚೂರ್ಣ, ಎಲ್ಲವೂ. ಹೊಸ ಆಹಾರ ಒಂಟಿಯಾಗಿ ಹೊಟ್ಟೆಗೆ ಹೋಗುವುದಿಲ್ಲ, ಇವುಗಳ ಜೊತೆ ಸೇರುತ್ತದೆ.

ನಮ್ಮ ಕಡೆ ಜಾಸ್ತಿ ಕಾಣುವ ಕೆಲವು ಜೋಡಿಗಳು ಇವು. ಥೈರಾಯ್ಡ್ ಮಾತ್ರೆ ಮತ್ತು ಕಾಫಿ: ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಕುಡಿಯುವ ಜಿಲ್ಲೆ ಇದು, ಆದರೆ ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಡಬೇಕು. ಇಲ್ಲವಾದರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಹೊಸದಾಗಿ ಶುರು ಮಾಡಿದರೆ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇಡಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೂ ಅದು ಹಿಡಿಯುವುದಿಲ್ಲ.

ತೋಟದ ಚಕ್ಕೋತ ಇನ್ನೊಂದು. ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳನ್ನು ಮೈಯಿಂದ ಹೊರಹಾಕುವ ಕೆಲಸಕ್ಕೆ ದ್ರಾಕ್ಷಿಹಣ್ಣು ಎಂದು ತಪ್ಪಾಗಿ ಕರೆಸಿಕೊಳ್ಳುವ ಗ್ರೇಪ್‌ಫ್ರೂಟ್ ಅಡ್ಡಿ ಮಾಡುತ್ತದೆ. ಅದೇ ಜಾತಿಯ ಚಕ್ಕೋತವೂ ಹಾಗೆ ಮಾಡಬಹುದು. ಮಾತ್ರೆಯ ಹೆಸರು ತೋರಿಸಿ ವೈದ್ಯರನ್ನು ಒಮ್ಮೆ ಕೇಳಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಹಸಿರು ಸೊಪ್ಪಿನ ಪುಡಿಯನ್ನು ಇದ್ದಕ್ಕಿದ್ದಂತೆ ಶುರು ಮಾಡಬಾರದು. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನೇ ಕಡಿಮೆ ಮಾಡುತ್ತದೆ. ಅತಿಮಧುರ ದಿನವೂ ತಿಂದರೆ ಬಿಪಿ ಏರುತ್ತದೆ. ಅಶ್ವಗಂಧ ಥೈರಾಯ್ಡ್ ಮಟ್ಟವನ್ನು ಏರುಪೇರು ಮಾಡಬಹುದು. ಕೂದಲಿಗೆಂದು ನುಂಗುವ ಬಯೋಟಿನ್ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸುತ್ತದೆ, ಥೈರಾಯ್ಡ್ ಪರೀಕ್ಷೆಯೂ ಅದರಲ್ಲಿ ಸೇರಿದೆ. ರಕ್ತ ಕೊಡುವ ಮುಂಚೆ ಲ್ಯಾಬಿನವರಿಗೆ ಹೇಳಿ.

ಕಿಡ್ನಿ ತೊಂದರೆ ಇರುವವರಿಗೆ ನಾನು ಬಿಡಿಸಿ ಹೇಳಲೇಬೇಕಾದ ಎರಡು ಹಣ್ಣುಗಳಿವೆ. ಒಂದು ಧಾರೆಹುಳಿ, ಅಂದರೆ ನಕ್ಷತ್ರದ ಆಕಾರದ ಹುಳಿ ಹಣ್ಣು. ಕಿಡ್ನಿ ಸರಿ ಇಲ್ಲದವರಿಗೆ ಒಂದೇ ಹಣ್ಣು ತಿಂದರೂ ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರಬಹುದು. ಪ್ರಾಣವೇ ಹೋದದ್ದೂ ಇದೆ. ಇನ್ನೊಂದು ನೋನಿ. ನೋನಿ ರಸದಲ್ಲಿ ಪೊಟ್ಯಾಸಿಯಂ ಜಾಸ್ತಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಯಾರಾದರೂ ಪ್ರೀತಿಯಿಂದ ನೋನಿ ಬಾಟಲಿ ತಂದುಕೊಟ್ಟರೆ ನಯವಾಗಿ ವಾಪಸ್ ಕೊಡಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಲಿವರ್ ತೊಂದರೆ ಇರುವವರು ಹೊಸ ಪ್ರಯೋಗ ಮಾಡಲೇಬಾರದು. ಒಂದು ವರ್ಷ ತುಂಬದ ಮಗುವಿಗೆ ಕೊಡಗಿನ ಅಪ್ಪಟ ಜೇನೂ ಬೇಡ, ನಾಲಿಗೆಗೆ ಸವರುವಷ್ಟೂ ಬೇಡ. ಬೊಟುಲಿಸಂ ಎಂಬ ಕಾಯಿಲೆಯ ಬೀಜಾಣು ಜೇನಿನಲ್ಲಿ ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ಎಳೆ ಮಗುವಿನದು ತಡೆಯುವುದಿಲ್ಲ.

ಮೂರನೇ ಹೆಜ್ಜೆ: ಕಾಡಿನ, ತೋಟದ ಆಹಾರವಾದರೆ ಅದರ ವಿಧಾನವನ್ನೂ ಕಲಿಯಿರಿ

ಕೊಡಗಿಗೆ ಬಂದವರು, ಇಲ್ಲಿಗೆ ಮದುವೆಯಾಗಿ ಬಂದವರು, ಊರು ಬಿಟ್ಟು ಬೆಂಗಳೂರಿನಲ್ಲಿ ಬೆಳೆದ ನಮ್ಮದೇ ಮಕ್ಕಳು ಮೊದಲು ಕೇಳುವುದು ಮದ್ದು ಸೊಪ್ಪಿನ ಬಗ್ಗೆ. ಕಕ್ಕಡ ಮಾಸದ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಈ ಗಿಡದಲ್ಲಿ 18 ಬಗೆಯ ಮದ್ದು ಸೇರುತ್ತದೆ ಎಂಬುದು ಇಲ್ಲಿನ ನಂಬಿಕೆ. ಎಲೆ, ಕಾಂಡ ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಘಮ್ಮೆನ್ನುವ ವಾಸನೆ ಬರುತ್ತದೆ. ಆ ನೀರನ್ನು ಸೋಸಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಲು ಸೇರಿಸಿ ಪಾಯಸ ಮಾಡುತ್ತಾರೆ, ಮದ್ದು ಪುಟ್ಟು ಮಾಡುತ್ತಾರೆ. ಮೇಲೆ ತುಪ್ಪ, ಜೇನು.

ಮೊದಲ ಸಲ ತಿನ್ನುವವರು ಒಂದು ಸಣ್ಣ ಬಟ್ಟಲು ತಿನ್ನಿ. ಮರುದಿನ ಮೂತ್ರ ಕೆಂಪಾಗಿ ಹೋದರೆ ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ. ಒಂದೆರಡು ದಿನ ಕಳೆದರೂ ಕೆಂಪು ಹೋಗದಿದ್ದರೆ, ನೋವಿದ್ದರೆ, ಅದು ಸೊಪ್ಪಿನದ್ದಲ್ಲ, ವೈದ್ಯರ ಬಳಿ ಹೋಗಬೇಕು. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಹಿರಿಯರು ಇದನ್ನು ವರ್ಷಕ್ಕೊಮ್ಮೆ, ಆ ಕಾಲದಲ್ಲಿ, ಕುದಿಸಿ, ಸೋಸಿ ತಿಂದರು. ಯಾರಾದರೂ ಇದನ್ನೇ ಒಣಗಿಸಿ, ಪುಡಿ ಮಾಡಿ, ವರ್ಷವಿಡೀ ದಿನಕ್ಕೆರಡು ಚಮಚ ತಿನ್ನಿ ಎಂದು ಕೊಟ್ಟರೆ ಅದು ನಮ್ಮ ಹಿರಿಯರು ಪರೀಕ್ಷಿಸಿ ನೋಡಿದ ಆಹಾರ ಅಲ್ಲವೇ ಅಲ್ಲ. ಗಿಡ ಹಳೆಯದು, ಬಳಕೆ ಹೊಸದು.

ಕಣಿಲೆಯ ಕಥೆ ಇನ್ನೂ ಸ್ಪಷ್ಟ. ಕೊಡವರು ಬೈಂಬಳೆ ಎನ್ನುವ ಎಳೆ ಬಿದಿರು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತು ಇರುತ್ತದೆ. ಅದಕ್ಕೇ ಹೊರಗಿನ ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ನೆನೆಸುತ್ತಾರೆ. ದಿನವೂ ನೀರು ಚೆಲ್ಲಿ ಹೊಸ ನೀರು ಹಾಕುತ್ತಾರೆ. ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲುತ್ತಾರೆ. ಪಾತ್ರೆ ಮುಚ್ಚದೆ ಬೇಯಿಸಿ, ವಿಷದ ಅಂಶ ಆವಿಯಲ್ಲಿ ಹೋಗಲಿ. ‘ಹಸಿ ಆಹಾರದಲ್ಲಿ ಸತ್ವ ಜಾಸ್ತಿ’ ಎಂಬ ಈಗಿನ ಮಾತನ್ನು ಕೇಳಿ ಕಣಿಲೆಯನ್ನು ಸಲಾಡ್‌ಗೆ ಹಾಕಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಕೂತು ಕೇಳಿ: ಎಷ್ಟು ದಿನ ನೆನೆಸಿದಿರಿ, ಎಷ್ಟು ಸಲ ನೀರು ಬದಲಿಸಿದಿರಿ, ಯಾವ ವಾಸನೆ ಬಂದರೆ ಬಿಸಾಡುತ್ತೀರಿ. ಉತ್ತರವನ್ನು ಬರೆದಿಟ್ಟುಕೊಳ್ಳಿ. ಮೀಸಲು ಅರಣ್ಯದಿಂದ ಕಣಿಲೆ ಮುರಿಯುವುದು ಅಪರಾಧ ಎಂಬುದೂ ನೆನಪಿರಲಿ.

ಕೆಸುವಿನ ಎಲೆಯನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ, ಅದರಲ್ಲಿನ ಆಕ್ಸಲೇಟ್ ಹರಳುಗಳಿಂದ. ಇದನ್ನು ‘ಗ್ರೀನ್ ಜ್ಯೂಸ್’ ಎಂದು ಮಿಕ್ಸಿಗೆ ಹಾಕುವಂತಿಲ್ಲ. ತೆರ್ಮೆ ಸೊಪ್ಪು, ಅಂದರೆ ಸುರುಳಿಯಾಗಿರುವ ಎಳೆ ಜರಿಗಿಡ, ಗುರುತು ಬಲ್ಲವರು ಕಿತ್ತದ್ದೇ ಆಗಬೇಕು. ಜರಿಗಿಡಗಳಲ್ಲಿ ತಿನ್ನಬಾರದ ಜಾತಿಗಳೂ ಇವೆ.

ಅಣಬೆಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಮಳೆ ಶುರುವಾದರೆ ತೋಟದಲ್ಲಿ ಕುಮ್ಮು, ಅಂದರೆ ಅಣಬೆ, ಏಳುತ್ತದೆ. ರುಚಿ ಹೇಳಬೇಕಾಗಿಲ್ಲ. ಆದರೆ ಕಿತ್ತವರು ಪ್ರತಿ ವರ್ಷ ಅದೇ ಜಾಗದಿಂದ ಅದೇ ಜಾತಿ ಕಿತ್ತು ತಿಂದವರಾಗಿರಬೇಕು. ವಿಷದ ಅಣಬೆಗೆ ಬೆಳ್ಳಿ ನಾಣ್ಯ ಹಾಕಿದರೆ ನಾಣ್ಯ ಕಪ್ಪಾಗುತ್ತದೆ, ಹುಳ ತಿಂದಿದ್ದರೆ ವಿಷ ಇಲ್ಲ, ಬೇಯಿಸಿದರೆ ವಿಷ ಹೋಗುತ್ತದೆ, ಈ ಮೂರೂ ಸುಳ್ಳು. ಅತಿ ಅಪಾಯದ ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ಅವನ್ನು ತಿಂದ 6ರಿಂದ 12 ಗಂಟೆವರೆಗೆ, ಕೆಲವೊಮ್ಮೆ ಒಂದು ದಿನದವರೆಗೂ, ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ಅದು ಕಡಿಮೆಯಾಗಿ ‘ಹುಷಾರಾಯ್ತು’ ಅನ್ನಿಸುವ ಹೊತ್ತಿಗೆ ಒಳಗೆ ಲಿವರ್ ಕೆಡುತ್ತಿರುತ್ತದೆ. ಅನುಮಾನ ಬಂದರೆ ಉಳಿದ ಅಣಬೆಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ. ವಾಂತಿ ನಿಂತಿತೆಂದು ಮನೆಯಲ್ಲಿ ಕೂರಬೇಡಿ.

ಒಂದೇ ಥರ ಕಾಣುವ ಬಳ್ಳಿಗಳ ತೊಂದರೆ ಕೊರೊನಾ ಕಾಲದಲ್ಲಿ ಎಲ್ಲರ ಗಮನಕ್ಕೆ ಬಂತು. ಅಮೃತಬಳ್ಳಿಯ ಕಷಾಯ ತಿಂಗಳುಗಟ್ಟಲೆ ಕುಡಿದ ಕೆಲವರಿಗೆ ಲಿವರ್ ತೊಂದರೆಯಾಗಿದೆ ಎಂದು ಮುಂಬೈನ ವೈದ್ಯರು ವರದಿ ಮಾಡಿದರು. ಅದು ನಿಜವಾದ ಅಮೃತಬಳ್ಳಿ ಆಗಿರಲಿಕ್ಕಿಲ್ಲ, ಅದನ್ನೇ ಹೋಲುವ ಬೇರೆ ಜಾತಿ ಇರಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ಯಾರ ಮಾತು ಸರಿಯಾದರೂ ನಮಗೆ ಉಳಿಯುವ ಪಾಠ ಒಂದೇ. ಬೇಲಿಯ ಬಳ್ಳಿಯನ್ನು ಅಂದಾಜಿನ ಮೇಲೆ ಕಿತ್ತು ಕುದಿಸಬೇಡಿ, ತಿಂಗಳುಗಟ್ಟಲೆ ಕುಡಿಯಬೇಡಿ.

ಇನ್ನು ಸೋರೆಕಾಯಿ ರಸ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವವರು ಮೊದಲು ಒಂದು ತುಂಡು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ. ಕಹಿ ಸೋರೆಯ ವಿಷದಿಂದ ನಮ್ಮ ದೇಶದಲ್ಲಿ ಸಾವುಗಳಾಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ಬಗ್ಗೆ ತಜ್ಞರ ಸಮಿತಿ ಮಾಡಿ, ಕಹಿ ರಸ ಕುಡಿಯಲೇಬೇಡಿ ಎಂದು ಎಚ್ಚರಿಸಿದೆ. ‘ಕಹಿ ಇದ್ದರೆ ಮದ್ದು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಮೊದಲ ಪ್ರಯೋಗಕ್ಕೆ ಯಾವುದು ಒಳ್ಳೆಯದು

ಇಷ್ಟು ಓದಿ ಏನೂ ಬೇಡಪ್ಪ ಅನ್ನಿಸಿದರೆ, ಹಾಗಲ್ಲ. ಹೊಸ ರುಚಿ ನೋಡಬೇಕು ಎಂಬುದು ಒಳ್ಳೆಯ ಆಸೆ. ಇಡೀ ಹಣ್ಣು, ಇಡೀ ಕಾಳಿನಿಂದ ಶುರು ಮಾಡಿ.

ಬೆಣ್ಣೆ ಹಣ್ಣು ನಮ್ಮ ಕಾಫಿ ತೋಟಗಳಲ್ಲೇ ಬೆಳೆಯುತ್ತದೆ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ‘ಅರ್ಕಾ ಸುಪ್ರೀಂ’, ‘ಅರ್ಕಾ ಕೂರ್ಗ್ ರವಿ’ ಎಂಬ ತಳಿಗಳನ್ನು ಕೊಟ್ಟಿದ್ದಾರೆ. ಪ್ಯಾಶನ್ ಫ್ರೂಟ್‌ನಲ್ಲಿ ‘ಕಾವೇರಿ’ ತಳಿ, ರಂಬುಟಾನ್ ತಳಿಗಳೂ ಅಲ್ಲಿಂದ ಬಂದವೇ. ಸೀಸನ್‌ನಲ್ಲಿ ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದರೆ ದೂರದ ದೇಶದ ಹಣ್ಣಿನ ಪುಡಿಗೆ ಕೊಡುವ ದುಡ್ಡಿನಲ್ಲಿ ಚೀಲ ತುಂಬ ಹಣ್ಣು ಬರುತ್ತದೆ. ಬೆಣ್ಣೆ ಹಣ್ಣಿನಲ್ಲಿ ಒಳ್ಳೆಯ ಕೊಬ್ಬಿದೆ, ನಾರಿದೆ. ಕ್ಯಾಲೊರಿಯೂ ಜಾಸ್ತಿ, ಅರ್ಧ ಹಣ್ಣು ಸಾಕು. ರಬ್ಬರ್ ಗ್ಲೌಸ್ ಹಾಕಿದರೆ ಕೈ ತುರಿಸುವವರು ಮಾತ್ರ ಸ್ವಲ್ಪ ನೋಡಿಕೊಂಡು ತಿನ್ನಬೇಕು. ಅಂಥ ಕೆಲವರಿಗೆ ಬೆಣ್ಣೆ ಹಣ್ಣು, ಬಾಳೆಹಣ್ಣು ಕೂಡ ಅಲರ್ಜಿ ಮಾಡುತ್ತದೆ.

ಚಿಯಾ ಬೀಜವೂ ಈಗ ದೂರದ್ದಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಪ್ರೋತ್ಸಾಹದಿಂದ ಮೈಸೂರು ಸೀಮೆಯ ರೈತರು ಅದನ್ನು ಬೆಳೆದಿದ್ದಾರೆ. ಒಂದೇ ಎಚ್ಚರಿಕೆ: ಒಣ ಬೀಜ ಬಾಯಿಗೆ ಹಾಕಿ ಮೇಲೆ ನೀರು ಕುಡಿಯಬೇಡಿ. ಅದು ತನ್ನ ತೂಕದ ಹತ್ತು ಪಟ್ಟಿಗೂ ಹೆಚ್ಚು ನೀರು ಹೀರಿ ಊದಿಕೊಳ್ಳುತ್ತದೆ. ನುಂಗುವ ತೊಂದರೆ ಮೊದಲೇ ಇದ್ದ ಒಬ್ಬರಿಗೆ ಅಮೆರಿಕದಲ್ಲಿ ಹೀಗೆ ಅನ್ನನಾಳವೇ ಕಟ್ಟಿಕೊಂಡಿತ್ತು, ವೈದ್ಯರು ತೆಗೆಯಬೇಕಾಯಿತು. ಒಂದು ಚಮಚವನ್ನು ದೊಡ್ಡ ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಅಗಸೆ ಬೀಜ ಚಿಯಾಗಿಂತ ಅಗ್ಗ, ಗುಣದಲ್ಲಿ ಹತ್ತಿರ. ಹುರಿದು ಪುಡಿ ಮಾಡಿದರೆ ಮಾತ್ರ ಪ್ರಯೋಜನ, ಇಡೀ ಬೀಜ ಹಾಗೇ ಹೊರಗೆ ಹೋಗುತ್ತದೆ. ಕ್ಯಾಲ್ಸಿಯಂ ಬೇಕೆಂದು ಹುಡುಕುವವರಿಗೆ 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇದೆ.

ನಾಲ್ಕನೇ ಹೆಜ್ಜೆ: ಡಬ್ಬಿಯ ಹಿಂಭಾಗ ಓದಿ

ಮುಂಭಾಗದಲ್ಲಿ ಚಿತ್ರ ಇರುತ್ತದೆ. ನಿಮಗೆ ಬೇಕಾದ್ದು ಹಿಂಭಾಗ. ಅಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರ್ ಇರಬೇಕು. ಆ ಇಲಾಖೆಯ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯಾ ಎಂದು ಗೊತ್ತಾಗುತ್ತದೆ. ‘ಹೆಲ್ತ್ ಸಪ್ಲಿಮೆಂಟ್’ ಎಂದು ಬರೆದಿರಬೇಕು, ‘ಔಷಧಿಯಾಗಿ ಬಳಸುವಂತಿಲ್ಲ’ ಎಂಬ ಸಾಲೂ ಇರಬೇಕು. ದಿನಕ್ಕೆ ಎಷ್ಟು, ಅದನ್ನು ಮೀರಬಾರದು ಎಂಬ ಸೂಚನೆ, ತಯಾರಾದ ದಿನ, ಮುಗಿಯುವ ದಿನ ಇರಬೇಕು. ಆಯುರ್ವೇದ ಔಷಧಿಯಾದರೆ ಅದಕ್ಕೆ ಎಫ್‌ಎಸ್‌ಎಸ್‌ಎಐ ನಂಬರ್ ಬದಲು ಔಷಧಿ ತಯಾರಿಕೆಯ ಪರವಾನಗಿ ಸಂಖ್ಯೆ ಇರುತ್ತದೆ. ಎರಡೂ ಇಲ್ಲದ ಪ್ಲಾಸ್ಟಿಕ್ ಪೊಟ್ಟಣವನ್ನು, ಪ್ರವಾಸಿ ಜಾಗದ ಅಂಗಡಿಯಲ್ಲಿ ‘ಕಾಡಿನವರ ಮಂಡಿ ನೋವಿನ ಪುಡಿ’ ಎಂದು ಎಷ್ಟೇ ಪ್ರೀತಿಯಿಂದ ಕೊಟ್ಟರೂ ಕೊಳ್ಳಬೇಡಿ.

ಯಾಕೆಂದರೆ ಹೆಸರಿಲ್ಲದ ಪುಡಿಗಳಲ್ಲಿ ಒಳಗೊಳಗೇ ಇಂಗ್ಲಿಷ್ ಔಷಧಿ ಬೆರೆಸುವ ದಂಧೆ ಇದೆ. ನೋವಿನ ಪುಡಿಗೆ ಸ್ಟೀರಾಯ್ಡ್, ಶುಗರ್ ಪುಡಿಗೆ ಶುಗರ್ ಮಾತ್ರೆ, ತೂಕದ ಮಾತ್ರೆಗೆ ನಿಷೇಧಿತ ಸಿಬುಟ್ರಾಮಿನ್. ಎರಡೇ ದಿನಕ್ಕೆ ನೋವು ಮಾಯವಾದರೆ ಖುಷಿಪಡುವ ಬದಲು ಅನುಮಾನಪಡಿ.

ಪ್ರಮಾಣವನ್ನು ಅಡುಗೆಯ ಅಳತೆಗೆ ಇಳಿಸಿ ನೋಡುವ ಅಭ್ಯಾಸ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಅರಿಶಿನದ ಕ್ಯಾಪ್ಸೂಲ್ ತೆಗೆದುಕೊಳ್ಳಿ. 500 ಮಿಲಿಗ್ರಾಂ, ಶೇ. 95 ಕರ್ಕ್ಯುಮಿನ್ ಎಂದು ಬರೆದಿರುತ್ತದೆ. ಅಡುಗೆಮನೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3. ಲೆಕ್ಕ ಹಾಕಿದರೆ ಒಂದು ಕ್ಯಾಪ್ಸೂಲ್ ಅಂದರೆ ಹದಿನೈದು ಗ್ರಾಂಗೂ ಹೆಚ್ಚು ಅರಿಶಿನ ಪುಡಿ. ಸಾರಿಗೆ ನೀವು ಹಾಕುವುದು ಒಂದು ಚಿಟಿಕೆ. ಅದರ ಜೊತೆಗೆ ಕರಿಮೆಣಸಿನ ಸಾರ ಪೈಪರಿನ್ ಸೇರಿಸಿರುತ್ತಾರೆ. ಅದು ಕರ್ಕ್ಯುಮಿನ್ ರಕ್ತಕ್ಕೆ ಸೇರುವುದನ್ನು ಹೆಚ್ಚಿಸುತ್ತದೆ. ನೀವು ನುಂಗುವ ಬೇರೆ ಕೆಲವು ಮಾತ್ರೆಗಳನ್ನೂ ಹಾಗೇ ಹೆಚ್ಚಿಸುತ್ತದೆ. ಇಂಥ ಅರಿಶಿನದ ಕ್ಯಾಪ್ಸೂಲ್‌ಗಳಿಂದ ಲಿವರ್ ಉರಿಯೂತ ಆದ ಪ್ರಕರಣಗಳು 2019ರಲ್ಲಿ ಇಟಲಿಯಲ್ಲಿ ವರದಿಯಾದವು. ಸಾರಿನ ಅರಿಶಿನಕ್ಕೆ, ತೋಟದ ಕರಿಮೆಣಸಿಗೆ ಈ ಭಯ ಬೇಕಿಲ್ಲ.

ಐದನೇ ಹೆಜ್ಜೆ: ‘ಸಂಶೋಧನೆ ಹೇಳುತ್ತದೆ’ ಎಂದರೆ ಎರಡು ಪ್ರಶ್ನೆ ಕೇಳಿ

ಎಷ್ಟು ಜನರ ಮೇಲೆ ಮಾಡಿದ್ದು? ದುಡ್ಡು ಕೊಟ್ಟವರು ಯಾರು?

ಕಾಫಿ ನಾಡಿನವರಾದ ನಮಗೆ ಗೊತ್ತಿರಬೇಕಾದ ಒಂದು ಪ್ರಕರಣ ಇದೆ. ಹುರಿಯದ ಕಾಫಿ ಬೀಜದ ಸಾರ ತೆಗೆದುಕೊಂಡರೆ ವ್ಯಾಯಾಮ ಇಲ್ಲದೆ ತೂಕ ಇಳಿಯುತ್ತದೆ ಎಂದು 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಪ್ರಯೋಗ ನಡೆದದ್ದು ಭಾರತದಲ್ಲೇ, ಬರೀ 16 ಜನರ ಮೇಲೆ. ಅಮೆರಿಕದ ಟಿವಿಯಲ್ಲಿ ಪ್ರಚಾರ ಸಿಕ್ಕಿ ‘ಗ್ರೀನ್ ಕಾಫಿ’ ಜಗತ್ತಿನಾದ್ಯಂತ ಮಾರಾಟವಾಯಿತು. ಆ ಪ್ರಯೋಗಕ್ಕೆ ಹಣ ಕೊಟ್ಟದ್ದು ಆ ಸಾರವನ್ನು ಮಾರುವ ಕಂಪನಿಯೇ. ಅಂಕಿಅಂಶಗಳನ್ನು ತಿದ್ದಲಾಗಿದೆ ಎಂದು ಅಮೆರಿಕದ ವ್ಯಾಪಾರ ಆಯೋಗ ಆರೋಪಿಸಿತು. 2014ರಲ್ಲಿ ಕಂಪನಿ 35 ಲಕ್ಷ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಅದೇ ವರ್ಷ ಅಧ್ಯಯನವನ್ನೂ ಹಿಂದಕ್ಕೆ ತೆಗೆದುಕೊಂಡರು. ಗ್ರೀನ್ ಕಾಫಿ ಮಾತ್ರ ಈಗಲೂ ಅಂಗಡಿಯಲ್ಲಿದೆ.

ಕುಡಿಯಬೇಕು ಅನ್ನಿಸಿದರೆ ಕುಡಿಯಿರಿ, ತೂಕ ಇಳಿಯುತ್ತದೆ ಎಂಬ ಆಸೆಗೆ ಬೇಡ. ಅದರಲ್ಲೂ ಕೆಫೀನ್ ಇದೆ. ಆರೋಗ್ಯವಂತ ದೊಡ್ಡವರಿಗೆ ಎಲ್ಲ ಸೇರಿ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಮಿತಿ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುತ್ತದೆ. ನಿಮ್ಮ ಮಾಮೂಲಿ ಕಾಫಿಯನ್ನೂ ಅದರೊಳಗೇ ಲೆಕ್ಕ ಹಾಕಿ.

ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ ನಮ್ಮ ದೇಶದಲ್ಲಿ ಅಪರಾಧ. 1954ರ ಕಾಯ್ದೆ ಅದನ್ನು ನಿಷೇಧಿಸಿದೆ. ಅಂಥ ಮಾತು ಕಂಡ ಕೂಡಲೇ ಅದನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋಗಿ.

ಆರನೇ ಹೆಜ್ಜೆ: ಒಂದು ಸಲಕ್ಕೆ ಒಂದೇ, ಅರ್ಧ ಅಳತೆ

ಸಣ್ಣ ಪ್ಯಾಕೆಟ್ ಕೊಳ್ಳಿ. ಮೂರು ತಿಂಗಳ ಆಫರ್ ಬೇಡ. ಬೆಳಗಿನ ಹೊತ್ತು, ತಿಂಡಿ ಆದ ಮೇಲೆ, ಡಬ್ಬಿಯಲ್ಲಿ ಹೇಳಿದ ಅರ್ಧ ಅಳತೆ ತೆಗೆದುಕೊಳ್ಳಿ. ರಾತ್ರಿ ಬೇಡ. ಮಳೆಗಾಲದಲ್ಲಿ ತೋಟದ ಮನೆಯಿಂದ ಆಸ್ಪತ್ರೆಗೆ ರಾತ್ರಿ ಹೋಗುವುದು ಎಷ್ಟು ಕಷ್ಟ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಮೂರು ದಿನ ಅರ್ಧ ಅಳತೆ. ಏನೂ ಆಗದಿದ್ದರೆ ಪೂರ್ತಿ ಅಳತೆ. ಆ ಅವಧಿಯಲ್ಲಿ ಬೇರೆ ಹೊಸದೇನನ್ನೂ ಶುರು ಮಾಡಬೇಡಿ. ಮೈಯಲ್ಲಿ ದದ್ದು ಬಂದರೆ ಯಾವುದರಿಂದ ಬಂತು ಎಂದು ಗೊತ್ತಾಗಬೇಕಲ್ವಾ?

ಒಂದು ನೋಟ್‌ಬುಕ್‌ನಲ್ಲಿ ತಾರೀಕು, ಅಳತೆ, ನಿದ್ದೆ, ಹೊಟ್ಟೆ, ಮೈ ಹೇಗಿತ್ತು ಎಂದು ಎರಡು ಸಾಲು ಬರೆಯಿರಿ. ಶುರು ಮಾಡಿದ ದಿನವೇ ನಿಲ್ಲಿಸುವ ತಾರೀಕನ್ನೂ ಬರೆಯಿರಿ. ಆರು ವಾರ, ಎಂಟು ವಾರ, ನಿಮ್ಮಿಷ್ಟ. ಆ ದಿನ ಮೊದಲ ಹೆಜ್ಜೆಯಲ್ಲಿ ಬರೆದ ಕಾರಣವನ್ನು ಮತ್ತೆ ಓದಿ. ಬದಲಾವಣೆ ಕಾಣದಿದ್ದರೆ ನಿಲ್ಲಿಸಿ. ಆಪರೇಷನ್ ಗೊತ್ತಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ, ಅರಿವಳಿಕೆ ಕೊಡುವ ವೈದ್ಯರಿಗೆ ತಪ್ಪದೆ ಹೇಳಿ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ, ಪುಡಿ ಶುರು ಮಾಡಿದೆ ಎಂಬ ಕಾರಣಕ್ಕೆ, ನೀವಾಗಿ ಬಿಡಬೇಡಿ.

ಏಳನೇ ಹೆಜ್ಜೆ: ಯಾವಾಗ ನಿಲ್ಲಿಸಬೇಕು, ಯಾರಿಗೆ ಹೇಳಬೇಕು

ತುಟಿ, ನಾಲಿಗೆ, ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಊಟ ಸೇರದಿರುವುದು, ಬಲ ಪಕ್ಕೆಯ ಕೆಳಗೆ ನೋವು, ಮೈಯೆಲ್ಲ ತುರಿಕೆ ಇವು ಲಿವರ್ ಕೊಡುವ ಸೂಚನೆಗಳು. ಅದೇ ದಿನ ಎಲ್ಲ ಸಪ್ಲಿಮೆಂಟ್ ನಿಲ್ಲಿಸಿ ವೈದ್ಯರನ್ನು ನೋಡಿ. ‘ಕಾಮಾಲೆಗೆ ನಾಟಿ ಔಷಧಿ ಕೊಡಿಸೋಣ’ ಎಂದು ಇನ್ನೊಂದು ಕಷಾಯ ಸೇರಿಸುವುದು ಬೇಡ. ಡಬ್ಬಿ, ಪೊಟ್ಟಣ, ಉಳಿದ ಮಾತ್ರೆ, ನೋಟ್‌ಬುಕ್ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. ವೈದ್ಯರು ಬೈಯುತ್ತಾರೆ ಎಂದು ಮುಚ್ಚಿಡುವವರು ತುಂಬಾ ಜನ. ದಯವಿಟ್ಟು ಮುಚ್ಚಿಡಬೇಡಿ. ಕಾರಣ ತಿಳಿದರೆ ಅರ್ಧ ಚಿಕಿತ್ಸೆ ಅಲ್ಲೇ ಆಗುತ್ತದೆ.

ವಿಷದ ಅನುಮಾನವಿದ್ದರೆ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117. ಔಷಧಿಯಿಂದ ಅಡ್ಡ ಪರಿಣಾಮ ಆದರೆ ವರದಿ ಮಾಡಲು 1800 180 3024, ಇದಕ್ಕೆ ಸಾಮಾನ್ಯ ಜನರೂ ಫೋನ್ ಮಾಡಬಹುದು. ಆಹಾರ ಪ್ಯಾಕೆಟ್ ಬಗ್ಗೆ ದೂರಿದ್ದರೆ ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800 112 100. ಇವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ.

ಕೊನೆಗೆ, ಇಡುವ ಜಾಗ

ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಸೊಪ್ಪಿನ ಪುಡಿ, ಪ್ರೋಟೀನ್ ಪುಡಿ, ಬೀಜಗಳು ತೇವ ಹಿಡಿದು ಗಂಟಾಗುತ್ತವೆ. ಬೂಷ್ಟಿನ ಕೆಲವು ವಿಷಗಳು ಬಿಸಿ ಮಾಡಿದರೂ ಹೋಗುವುದಿಲ್ಲ, ಅವೂ ಲಿವರ್‌ಗೆ ಕೆಟ್ಟವು. ಹಾಗಾಗಿ ಮಳೆಗಾಲಕ್ಕೆ ಮುಂಚೆ ದೊಡ್ಡ ಪ್ಯಾಕೆಟ್ ಕೊಳ್ಳಬೇಡಿ. ಗಾಜಿನ ಬಾಟಲಿಗೆ ಬಿಗಿಯಾದ ಮುಚ್ಚಳ ಹಾಕಿ, ಒಣ ಚಮಚವನ್ನೇ ಬಳಸಿ. ಒಲೆಯ ಮೇಲಿನ ಕಪಾಟು ಬೆಚ್ಚಗಿರುತ್ತದೆ ಎಂದು ಅಲ್ಲಿಡಬೇಡಿ, ಕುದಿಯುವ ಪಾತ್ರೆಯ ಆವಿ ಅಲ್ಲಿಗೇ ಹೋಗುತ್ತದೆ. ಪುಡಿಯನ್ನು ಬೇರೆ ಬಾಟಲಿಗೆ ಸುರಿದರೆ ಹಳೆಯ ಲೇಬಲ್ ಕತ್ತರಿಸಿ ಅದರ ಮೇಲೆ ಅಂಟಿಸಿ. ಬಣ್ಣ, ವಾಸನೆ ಬದಲಾಗಿದ್ದರೆ ಎಷ್ಟು ದುಡ್ಡು ಕೊಟ್ಟಿದ್ದರೂ ಗೊಬ್ಬರದ ಗುಂಡಿಗೆ ಹಾಕಿ. ಕಬ್ಬಿಣದ ಮಾತ್ರೆಯನ್ನು ಮಾತ್ರ ಮಕ್ಕಳ ಕೈಗೆ ಎಟುಕದ ಕಡೆ ಬೀಗ ಹಾಕಿಡಿ. ಮಿಠಾಯಿಯಂತೆ ಕಾಣುವ ಆ ಮಾತ್ರೆ ಕೆಲವನ್ನು ನುಂಗಿದರೂ ಸಣ್ಣ ಮಗುವಿಗೆ ಪ್ರಾಣಾಪಾಯ.